‘ನಮ್ಮ ಮಂದಿ ಮನಸ್ಸಿನ ಕಾಯಿಲೆ ಬಗ್ಗೆ ಬಾಯಿ ಬಿಡೋದಿಲ್ಲ’: ಈ ಮಾತು ಎಷ್ಟು ನಿಜ?

ಮಾನಸಿಕ ಆರೋಗ್ಯದ ವಿಷಯ ಬಂದಾಗಲೆಲ್ಲ ಕೆಲವು ಮಾತುಗಳು ಕಿವಿಗೆ ಬೀಳುತ್ತವೆ. ‘ಬಿಳಿಯರು ಓಪನ್ ಆಗಿ ಮಾತಾಡ್ತಾರೆ, ನಮ್ಮವರು ಮುಚ್ಚಿಡ್ತಾರೆ.’ ‘ಓದಿದವರಿಗೆ ತಿಳಿವಳಿಕೆ ಇದೆ, ಹಳ್ಳಿಯವರಿಗೆ ಇಲ್ಲ.’ ‘ಆ ಜಾತಿಯವರು ದೇವರ ಹತ್ತಿರ ಓಡ್ತಾರೆ, ಈ ಧರ್ಮದವರು ದರ್ಗಾಕ್ಕೆ ಒಯ್ತಾರೆ, ಡಾಕ್ಟರ ಬಳಿ ಯಾರೂ ಹೋಗೋದಿಲ್ಲ.’ ಇಂಥ ಮಾತುಗಳು ಮನೆ ಕಟ್ಟೆಯ ಮೇಲೂ ಸಿಗುತ್ತವೆ, ವಾಟ್ಸಾಪ್ ಗುಂಪಿನಲ್ಲೂ ಸಿಗುತ್ತವೆ. ಇವುಗಳಲ್ಲಿ ನಿಜ ಎಷ್ಟು, ಊಹೆ ಎಷ್ಟು ಎಂದು ಇಲ್ಲಿ ನೋಡೋಣ.

ಚುಟುಕಾಗಿ ಉತ್ತರ

ಮನಸ್ಸಿನ ನೋವಿನ ಬಗ್ಗೆ ಮಾತೇ ಆಡದ ಜನಾಂಗ, ಜಾತಿ, ಧರ್ಮ ಯಾವುದೂ ಇಲ್ಲ. ಬಳಸುವ ಪದ ಬೇರೆ ಇರುತ್ತದೆ, ಹೇಳಿಕೊಳ್ಳುವ ಜಾಗ ಬೇರೆ ಇರುತ್ತದೆ. ಬಹಳಷ್ಟು ಜನ ತಾವಾಗಿ ಹೇಳುವುದಿಲ್ಲ ಎಂಬುದು ನಿಜ. ಆದರೆ ಪರಿಚಯದವರು, ಅವರ ಭಾಷೆಯಲ್ಲಿ, ನೇರವಾಗಿ ಕೇಳಿದರೆ ಹೆಚ್ಚಿನವರು ಹೇಳುತ್ತಾರೆ. ಇದಕ್ಕೆ ಅಧ್ಯಯನದ ಆಧಾರವಿದೆ.

ಗುರುಮಠಕಲ್ ಉದಾಹರಣೆ ಯಾಕೆ?

ಗುರುಮಠಕಲ್ ಯಾದಗಿರಿ ಜಿಲ್ಲೆಯ ಗಡಿ ತಾಲ್ಲೂಕು. ಪಕ್ಕದಲ್ಲೇ ತೆಲಂಗಾಣ. 1956ರ ತನಕ ಈ ಸೀಮೆ ಹೈದರಾಬಾದ್ ಸಂಸ್ಥಾನ, ಆಮೇಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಇಲ್ಲಿನ ಬಜಾರಿನಲ್ಲಿ ಅರ್ಧ ತಾಸು ನಿಂತರೆ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಕೇಳಿಸುತ್ತವೆ. ತಾಂಡಾದವರು ಬಂದರೆ ಲಂಬಾಣಿಯೂ ಕೇಳಿಸುತ್ತದೆ. ಆಸ್ಪತ್ರೆಗೆ ಇಲ್ಲಿನ ಹಿರಿಯರು ಇವತ್ತಿಗೂ ‘ದವಾಖಾನಿ’ ಎನ್ನುತ್ತಾರೆ. ದುಡಿಮೆಗಾಗಿ ಬೆಂಗಳೂರು, ಹೈದರಾಬಾದ್, ಮುಂಬೈಗೆ ಗುಳೆ ಹೋಗುವವರೂ ಬಹಳ.

ಹೀಗೆ ಹಲವು ಭಾಷೆ, ಹಲವು ಸಮುದಾಯ ಒಂದೇ ಊರಿನಲ್ಲಿದ್ದಾಗ ‘ಅವರು ಹೀಗೆ, ಇವರು ಹಾಗೆ’ ಎಂದು ಹೇಳುವುದು ಸುಲಭ. ಯಾವುದರಿಂದ ನಿಜವಾಗಿ ವ್ಯತ್ಯಾಸ ಆಗುತ್ತದೆ ಎಂದು ನೋಡುವುದಕ್ಕೂ ಇಂಥ ಊರೇ ಸರಿ.

14 ದೇಶಗಳ ಅಧ್ಯಯನ ಹೇಳಿದ್ದೇನು?

ವಿಶ್ವ ಆರೋಗ್ಯ ಸಂಸ್ಥೆ 14 ದೇಶಗಳ 15 ಕಡೆ ಸಾಮಾನ್ಯ ಚಿಕಿತ್ಸಾಲಯಗಳಿಗೆ ಬಂದ ರೋಗಿಗಳನ್ನು ಮಾತಾಡಿಸಿತ್ತು. ಅದರಲ್ಲಿ ನಮ್ಮ ಬೆಂಗಳೂರು ಇತ್ತು. ಅಮೆರಿಕದ ಸಿಯಾಟಲ್, ಇಂಗ್ಲೆಂಡಿನ ಮ್ಯಾಂಚೆಸ್ಟರ್, ನೈಜೀರಿಯಾದ ಇಬಾದಾನ್, ಜಪಾನಿನ ನಾಗಸಾಕಿ, ಚೀನಾದ ಶಾಂಘೈ ಕೂಡ ಇದ್ದವು. ಈ ಮಾಹಿತಿಯ ಮೇಲೆ 1999ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಖಿನ್ನತೆ ಇದ್ದ 1,146 ರೋಗಿಗಳ ವಿವರ ಇದೆ. ಮೂರು ಅಂಶ ಗಮನಿಸಿ.

ಒಂದು, ಅವರಲ್ಲಿ ಶೇ 69ರಷ್ಟು ಜನ ಡಾಕ್ಟರ ಬಳಿ ಬಂದಿದ್ದು ಬರೀ ಮೈ ನೋವು, ತಲೆನೋವು, ಸುಸ್ತು ಇಂಥ ದೇಹದ ತೊಂದರೆ ಹೇಳಿಕೊಂಡು. ಮನಸ್ಸಿನ ವಿಷಯವನ್ನು ತಾವಾಗಿ ಎತ್ತಲಿಲ್ಲ.

ಎರಡು, ಇದು ಊರಿಂದ ಊರಿಗೆ ಬೇರೆಯಿತ್ತು. ಕೆಲವು ಕಡೆ ಶೇ 45, ಕೆಲವು ಕಡೆ ಶೇ 95. ಆದರೆ ಇದನ್ನು ‘ಪಶ್ಚಿಮದವರು, ಪೂರ್ವದವರು’ ಎಂದು ಭಾಗ ಮಾಡಲು ಬರಲಿಲ್ಲ. ರೋಗಿಗೆ ಕಾಯಂ ಪರಿಚಯದ ವೈದ್ಯರು ಇಲ್ಲದ ಕಡೆಗಳಲ್ಲಿ ಬರೀ ದೇಹದ ನೋವು ಹೇಳುವವರು ಹೆಚ್ಚಿದ್ದರು.

ಮೂರು, ಮುಖ್ಯವಾದದ್ದು. ‘ಮನಸ್ಸಿಗೆ ಬೇಸರ ಇದೆಯೇ, ಯಾವುದರಲ್ಲೂ ಆಸಕ್ತಿ ಇಲ್ಲವೇ’ ಎಂದು ನೇರವಾಗಿ ಕೇಳಿದಾಗ ‘ಇಲ್ಲ’ ಎಂದವರು ಶೇ 11 ಮಾತ್ರ. ಉಳಿದವರು ಹೌದು ಎಂದರು. ಈ ಪ್ರಮಾಣದಲ್ಲಿ ದೇಶದಿಂದ ದೇಶಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇದು ದವಾಖಾನೆಯ ಬಾಗಿಲಿನ ತನಕ ಬಂದವರ ಲೆಕ್ಕ. ಮನೆಯಲ್ಲೇ ಉಳಿದವರು ಇದರಲ್ಲಿ ಇಲ್ಲ. ಆದರೂ ‘ನಮ್ಮವರು ಹೇಳೋದೇ ಇಲ್ಲ’ ಎನ್ನುವ ಮೊದಲು ‘ನಾವು ಕೇಳಿದ್ದೇವಾ?’ ಎಂದು ಕೇಳಿಕೊಳ್ಳಲು ಈ ಒಂದು ಅಂಕಿ ಸಾಕು.

ಮನಸ್ಸಿನ ಮಾತು ಯಾವ ಪದದಲ್ಲಿ ಬರುತ್ತದೆ?

ಗುರುಮಠಕಲ್ ಕಡೆ ಯಾರೂ ‘ನನಗೆ ಖಿನ್ನತೆ ಆಗಿದೆ’ ಎಂದು ಹೇಳುವುದಿಲ್ಲ. ‘ಖಿನ್ನತೆ’ ಪುಸ್ತಕದ ಪದ. ಜನ ಹೇಳುವುದು ಹೀಗೆ: ‘ಎದಿ ಹೊಡ್ಕೋತದ್ರಿ’, ‘ನಿದ್ದಿ ಬರವಲ್ದು’, ‘ತಲಿ ಜಡ ಆಗ್ಯದ’, ‘ಮೈಯಾಗ ಕಸುವೇ ಇಲ್ಲ’, ‘ಊಟ ಸೇರವಲ್ದು’, ‘ಯಾತರ ಮ್ಯಾಲೂ ಮನಸ್ಸಿಲ್ಲ’. ತೆಲುಗಿನವರು ‘ಗುಂಡೆ ದಡ’ ಎನ್ನುತ್ತಾರೆ. ಉರ್ದು ಮಾತಾಡುವವರು ‘ಘಬ್ರಾಹಟ್’ ಅಥವಾ ‘ಕಮ್ಜೋರಿ’ ಎನ್ನುತ್ತಾರೆ. ‘ಗಾಳಿ ಹೊಕ್ಕದ’, ‘ಯಾರೋ ಮಾಡ್ಸ್ಯಾರ’ ಎಂಬ ಮಾತೂ ಬರುತ್ತದೆ. ಹೆರಿಗೆಯಾದ ಕೆಲವೇ ದಿನಗಳಲ್ಲಿ ತಾಯಿ ನಿದ್ದೆಗೆಟ್ಟು, ಸಂಬಂಧವಿಲ್ಲದ ಮಾತಾಡಿ, ಮಗುವನ್ನೇ ಹತ್ತಿರ ಸೇರಿಸದಿದ್ದರೆ ನಮ್ಮ ಅಜ್ಜಿಯರ ಕಾಲದಿಂದ ‘ಬಾಣಂತಿ ಸನ್ನಿ’ ಎಂಬ ಹೆಸರಿದೆ.

ಅಂದರೆ ಮಾತಿಗೆ ಕೊರತೆ ಇಲ್ಲ. ಕೇಳುವವರು ಇದನ್ನು ಬರೀ ಮೈ ನೋವಿನ ಮಾತು ಎಂದುಕೊಂಡು, ಒಂದು ಟಾನಿಕ್ಕು, ಒಂದು ಸೂಜಿ, ಒಂದು ಸಲಾಯಿನ್ ಬಾಟಲಿ ಹಾಕಿ ಕಳಿಸಿದರೆ ವಿಷಯ ಅಲ್ಲಿಗೇ ನಿಲ್ಲುತ್ತದೆ.

ಇಲ್ಲೊಂದು ಎಚ್ಚರ ಬೇಕು. ಎದೆ ಬಡಿತ, ಸುಸ್ತು, ತಲೆ ಜಡ ಎಲ್ಲವೂ ಮನಸ್ಸಿನಿಂದಲೇ ಬಂದವು ಎಂದುಕೊಳ್ಳಬಾರದು. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಹೃದಯದ ತೊಂದರೆಯಲ್ಲೂ ಇವು ಬರುತ್ತವೆ. ಮೊದಲು ತಪಾಸಣೆ ಮಾಡಿಸಬೇಕು. ತಪಾಸಣೆಯಲ್ಲಿ ಏನೂ ಕಾಣದೆ ತೊಂದರೆ ಎರಡು ವಾರಕ್ಕಿಂತ ಹೆಚ್ಚು ಮುಂದುವರಿದರೆ ಮನಸ್ಸಿನ ಬಗ್ಗೆ ಕೇಳುವುದನ್ನು ಬಿಡಬಾರದು.

ಹಾಗಾದರೆ ಬಿಳಿಯರು ಹೆಚ್ಚು ಚಿಕಿತ್ಸೆ ಪಡೆಯುತ್ತಾರೆ ಎನ್ನುವುದು ಸುಳ್ಳೇ?

ಸುಳ್ಳಲ್ಲ. ಅಮೆರಿಕದ 2015ರ ಅಂಕಿ ಅಂಶ ನೋಡಿ. ಮಾನಸಿಕ ಕಾಯಿಲೆ ಇದ್ದ ವಯಸ್ಕ ಬಿಳಿಯರಲ್ಲಿ ಶೇ 48ರಷ್ಟು ಜನ ಸೇವೆ ಪಡೆದಿದ್ದರು. ಕಪ್ಪು ಜನಾಂಗದವರು ಮತ್ತು ಹಿಸ್ಪಾನಿಕ್ ಸಮುದಾಯದಲ್ಲಿ ಇದು ಶೇ 31, ಏಷ್ಯಾ ಮೂಲದವರಲ್ಲಿ ಶೇ 22. ಅಲ್ಲಿ ನೆಲೆಸಿದ ನಮ್ಮ ಕನ್ನಡದ ಕುಟುಂಬಗಳೂ ಈ ‘ಏಷ್ಯಾ ಮೂಲ’ದ ಲೆಕ್ಕದಲ್ಲೇ ಬರುತ್ತವೆ. ಆದರೆ ಚೀನೀಯರು, ಕೊರಿಯನ್ನರು, ವಿಯೆಟ್ನಾಮಿನವರು ಎಲ್ಲ ಅದರಲ್ಲೇ ಇರುವುದರಿಂದ ಇದನ್ನು ಕನ್ನಡಿಗರ ಅಂಕಿ ಎಂದು ಓದಬಾರದು.

ಇನ್ನೊಂದು ವಿಷಯ. ಇದು ಸೇವೆ ಪಡೆದವರ ಲೆಕ್ಕ. ಮಾತಾಡುವ ಮನಸ್ಸು ಇದ್ದವರ ಲೆಕ್ಕ ಅಲ್ಲ. ಎರಡರ ನಡುವೆ ವಿಮೆ, ಖರ್ಚು, ರಜೆ, ತಮ್ಮ ಭಾಷೆ ಬಲ್ಲ ವೈದ್ಯರು, ‘ನನ್ನನ್ನು ಇವರು ಸರಿಯಾಗಿ ನೋಡುತ್ತಾರಾ’ ಎಂಬ ನಂಬಿಕೆ ಎಲ್ಲ ಬರುತ್ತವೆ. ಬಿಳಿಯರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಚಿಕಿತ್ಸೆ ಇಲ್ಲದೆ ಉಳಿದಿದ್ದರು ಎಂಬುದನ್ನೂ ಫಾರ್ವರ್ಡ್‌ಗಳು ಹೇಳುವುದಿಲ್ಲ.

ನಮ್ಮ ದೇಶದ ಸ್ಥಿತಿ ಇದಕ್ಕಿಂತ ಕಷ್ಟದ್ದು. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಕರ್ನಾಟಕ ಆ 12ರಲ್ಲಿ ಇರಲಿಲ್ಲ. ಸಮೀಕ್ಷೆಯ ಹೊತ್ತಿಗೆ ವಯಸ್ಕರಲ್ಲಿ ಶೇ 10.6ರಷ್ಟು ಜನಕ್ಕೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇದ್ದವರಲ್ಲಿ ಸುಮಾರು ಶೇ 85 ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ಕುಡಿತದ ಚಟ ಇದ್ದವರಲ್ಲೂ ಹೆಚ್ಚುಕಡಿಮೆ ಇದೇ ಕಥೆ, ಶೇ 86. ನೂರರಲ್ಲಿ 85 ಜನಕ್ಕೆ ಚಿಕಿತ್ಸೆ ಸಿಗದಿರುವಾಗ ಅದನ್ನು ಒಂದು ಜಾತಿ, ಒಂದು ಧರ್ಮದ ತಲೆಗೆ ಕಟ್ಟುವುದು ಹೇಗೆ?

ಓದಿದವರು, ಪೇಟೆಯವರು ಮುಕ್ತವಾಗಿರುತ್ತಾರೆ: ನಿಜವೇ?

ಇದೂ ಅರ್ಧ ಸತ್ಯ. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ 2015ರಲ್ಲಿ ತಮ್ಮ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಮಾತಾಡಿದರು. ಬಹಳ ಜನಕ್ಕೆ ಅದರಿಂದ ಧೈರ್ಯ ಬಂತು. ಅವರೇ ಕಟ್ಟಿದ ‘ಲಿವ್ ಲವ್ ಲಾಫ್’ ಪ್ರತಿಷ್ಠಾನ 2018ರಲ್ಲಿ ಬೆಂಗಳೂರು, ಹೈದರಾಬಾದ್ ಸೇರಿ 8 ನಗರಗಳಲ್ಲಿ 3,556 ಜನರನ್ನು ಕೇಳಿ ಒಂದು ವರದಿ ಹೊರತಂದಿತು. ಮಾನಸಿಕ ಕಾಯಿಲೆ ಇದ್ದವರನ್ನು ಕೀಳಾಗಿ ಕಾಣುವ, ಅವರಿಂದ ದೂರ ಇರಬೇಕು ಎನ್ನುವ ಗುಂಪು ಶೇ 47ರಷ್ಟಿತ್ತು. ಆ ಗುಂಪಿನಲ್ಲಿ ಹೆಚ್ಚಾಗಿದ್ದವರು 18ರಿಂದ 24 ವಯಸ್ಸಿನ, ಅನುಕೂಲಸ್ಥರ ಮನೆಯ, ಚೆನ್ನಾಗಿ ಓದಿದ ಯುವಕ ಯುವತಿಯರು.

ಕಾಯಿಲೆಯ ಹೆಸರು ಗೊತ್ತಿರುವುದು ಬೇರೆ, ಕಾಯಿಲೆ ಇದ್ದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಬೇರೆ. ನಿಮ್ಹಾನ್ಸ್ ಸಮೀಕ್ಷೆಯಲ್ಲೂ ಹಳ್ಳಿಗಳಲ್ಲಿ ತೊಂದರೆ ಇದ್ದವರು ಶೇ 6.9, ಮಹಾನಗರಗಳಲ್ಲಿ ಶೇ 13.5. ಗುಳೆ ಹೋದ ಮಗ ಪೇಟೆಯಲ್ಲಿದ್ದಾನೆ, ಅವನಿಗೇನು ಎಂದು ಊರಲ್ಲಿರುವವರು ಸುಮ್ಮನಿರುವಂತಿಲ್ಲ.

ಗುಡಿಗೆ, ದರ್ಗಾಕ್ಕೆ ಹೋಗುವುದು ತಪ್ಪೇ?

ಯಾದಗಿರಿ ಸೀಮೆಯಲ್ಲಿ ಮೈಲಾಪುರದ ಮಲ್ಲಯ್ಯ, ತಿಂಥಣಿಯ ಮೌನೇಶ್ವರ, ಗೋಗಿಯ ದರ್ಗಾ, ಕಲಬುರಗಿಯ ಬಂದೇ ನವಾಜ್ ದರ್ಗಾ ಎಲ್ಲರಿಗೂ ಗೊತ್ತು. ಹಿಂದೂ, ಮುಸ್ಲಿಂ ಎನ್ನದೆ ಜನ ಎರಡೂ ಕಡೆ ನಡೆದುಕೊಳ್ಳುತ್ತಾರೆ. ಕಷ್ಟ ಬಂದಾಗ ಅಲ್ಲಿ ಹೋಗಿ ಕೂತು ಅಳುವುದು, ಹರಕೆ ಹೊರುವುದು, ನಾಲ್ಕು ಜನರ ಜೊತೆ ದುಃಖ ಹೇಳಿಕೊಳ್ಳುವುದು, ಇವೂ ಮನಸ್ಸಿನ ಬಗ್ಗೆ ಮಾತಾಡುವ ದಾರಿಗಳೇ. ಇದರಿಂದ ಹಗುರ ಆಗುತ್ತದೆ ಎಂದು ಹೇಳುವವರನ್ನು ಗೇಲಿ ಮಾಡಿದರೆ ಅವರು ಮುಂದೆ ನಿಮ್ಮ ಹತ್ತಿರ ಏನೂ ಹೇಳುವುದಿಲ್ಲ.

ತಪ್ಪಾಗುವುದು ಎರಡು ಕಡೆ. ಔಷಧಿ ಬಿಡಿಸಿದಾಗ ಒಂದು, ಕಟ್ಟಿಹಾಕಿದಾಗ, ಹೊಡೆದಾಗ, ಬರೆ ಹಾಕಿದಾಗ ಇನ್ನೊಂದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಸುತ್ತಮುತ್ತ ನಡೆಯುತ್ತಿದ್ದ ಖಾಸಗಿ ಆಶ್ರಯಧಾಮವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದ ರೋಗಿಗಳು ಓಡಲಾಗದೆ 28 ಜನ ಸತ್ತರು. ಇವತ್ತು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಲ್ಲಿ ಕಟ್ಟುವುದು ನಿಷಿದ್ಧ.

ಎರಡನ್ನೂ ಜೊತೆಗೆ ನಡೆಸಿದ ಉದಾಹರಣೆಯೂ ಇದೆ. ಗುಜರಾತಿನ ಉನಾವಾ ಊರಿನ ಮೀರಾ ದಾತಾರ್ ದರ್ಗಾದಲ್ಲಿ ‘ದವಾ-ದುವಾ’ ಎಂಬ ಕಾರ್ಯಕ್ರಮ ನಡೆದಿದೆ. ದುವಾಕ್ಕೆ ಬಂದವರನ್ನು ದರ್ಗಾದ ಮುಜಾವರರೇ ಅಲ್ಲಿನ ಮನೋವೈದ್ಯರ ಬಳಿ ಕಳಿಸುತ್ತಾರೆ. ಹರಕೆಯೂ ಇರಲಿ, ಗುಳಿಗೆಯೂ ಇರಲಿ ಎಂದರೆ ಜನ ಬರುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ.

ಸೇವೆ ಹತ್ತಿರ ಬಂದಾಗ ಏನಾಗುತ್ತದೆ? ಬಳ್ಳಾರಿಯ ಪಾಠ

ಇದಕ್ಕೆ ಉತ್ತರ ನಮ್ಮ ಕಲ್ಯಾಣ ಕರ್ನಾಟಕದಲ್ಲೇ ಇದೆ. 1985ರಿಂದ 1990ರ ತನಕ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವ ತರಬೇತಿ ಕೊಟ್ಟಿತು. ಮುಖ್ಯ ಔಷಧಿಗಳನ್ನು ಅಲ್ಲೇ ಸಿಗುವಂತೆ ಮಾಡಿತು. ಊರೂರಿನ ಸಾಮಾನ್ಯ ದವಾಖಾನೆಯಲ್ಲೇ ಈ ಚಿಕಿತ್ಸೆ ಕೊಡಬಹುದು ಎಂದು ಇದು ತೋರಿಸಿತು. ಇದೇ ‘ಬಳ್ಳಾರಿ ಮಾದರಿ’. ಇದನ್ನೇ ಇಟ್ಟುಕೊಂಡು ಕೇಂದ್ರ ಸರಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿತು. ಈಗ ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ಅದು ಇದೆ.

ಗುರುಮಠಕಲ್‌ನವರಿಗೆ ಧಾರವಾಡದ ಡಿಮ್ಹಾನ್ಸ್ ದೂರ, ಬೆಂಗಳೂರಿನ ನಿಮ್ಹಾನ್ಸ್ ಇನ್ನೂ ದೂರ. ಯಾದಗಿರಿಯೇ ಸುಮಾರು 40 ಕಿ.ಮೀ. ಕೂಲಿ ಬಿಟ್ಟು, ಜೊತೆಗೆ ಒಬ್ಬರನ್ನು ಕರೆದುಕೊಂಡು, ಬಸ್ ಚಾರ್ಜು ಕೊಟ್ಟು ಹೋಗಬೇಕು. ಹೋಗದವರನ್ನು ‘ನಾಚಿಕೆಯಿಂದ ಹೋಗಲಿಲ್ಲ’ ಎಂದು ಲೆಕ್ಕ ಹಾಕುವ ಮೊದಲು ಈ ಲೆಕ್ಕ ಹಾಕಬೇಕು.

ಬಾಯಿ ಕಟ್ಟುವ ಐದು ತಪ್ಪು ನಂಬಿಕೆಗಳು

1. ‘ಮನೋವೈದ್ಯರ ಹತ್ತಿರ ಹೋದರೆ ಹುಚ್ಚ ಅಂತಾರೆ.’ ಮನೋವೈದ್ಯರು ನಿದ್ದೆಗೇಡು, ಆತಂಕ, ಖಿನ್ನತೆ, ಕುಡಿತದ ಚಟ ಎಲ್ಲಕ್ಕೂ ಚಿಕಿತ್ಸೆ ಕೊಡುತ್ತಾರೆ. 2017ರ ಕಾಯ್ದೆಯೇ ಹೇಳುವಂತೆ, ಒಬ್ಬರ ಜನಾಂಗ, ಧರ್ಮ, ಸಂಸ್ಕೃತಿ, ಆರ್ಥಿಕ ಸ್ಥಿತಿ ನೋಡಿ ಯಾರಿಗೂ ಮಾನಸಿಕ ಕಾಯಿಲೆ ಇದೆ ಎಂದು ತೀರ್ಮಾನಿಸುವಂತಿಲ್ಲ.

2. ‘ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ.’ ಚಿಕಿತ್ಸೆಯ ವಿವರ ಗುಟ್ಟಾಗಿಡಬೇಕು ಎಂಬುದು ಅದೇ ಕಾಯ್ದೆಯಲ್ಲಿ ರೋಗಿಯ ಹಕ್ಕು. ಜೀವಕ್ಕೆ ಅಪಾಯದಂಥ ಕೆಲವೇ ಸಂದರ್ಭಗಳಲ್ಲಿ ವೈದ್ಯರು ಬೇಕಾದವರಿಗೆ ತಿಳಿಸಬಹುದು.

3. ‘ಗುಳಿಗೆ ಶುರುಮಾಡಿದರೆ ಚಟ ಆಗುತ್ತದೆ.’ ಖಿನ್ನತೆಯ ಔಷಧಿ ಚಟ ಹಿಡಿಸುವಂಥದ್ದಲ್ಲ. ಅದು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಹುಷಾರಾಯಿತು ಎಂದು ತಟ್ಟನೆ ಬಿಡಬಾರದು, ವೈದ್ಯರು ನಿಧಾನವಾಗಿ ಕಡಿಮೆ ಮಾಡುತ್ತಾರೆ. ಚಟ ಆಗುವ ಸಾಧ್ಯತೆ ಇರುವುದು ಕೆಲವು ನಿದ್ದೆ ಗುಳಿಗೆಗಳಿಗೆ. ಚೀಟಿ ಇಲ್ಲದೆ ಮೆಡಿಕಲ್ ಅಂಗಡಿಯಿಂದ ಅವನ್ನು ತಂದು ನುಂಗಬೇಡಿ.

4. ‘ಸಾಯುವ ಮಾತು ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ.’ ಹಾಗೆ ಆಗುವುದಿಲ್ಲ. ನೇರವಾಗಿ, ಮೆತ್ತಗೆ ಕೇಳಿದರೆ ಒಳಗೇ ಕುದಿಯುತ್ತಿದ್ದವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ.

5. ‘ಜೀವ ತೆಗೆದುಕೊಳ್ಳಲು ಹೋದವರನ್ನು ದವಾಖಾನೆಗೆ ಒಯ್ದರೆ ಜೈಲು ಆಗುತ್ತದೆ.’ ಹೆದರಿ ಒಂದು ನಿಮಿಷವೂ ತಡ ಮಾಡಬೇಡಿ. ಹಾಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ 2017ರ ಕಾಯ್ದೆ ನೋಡುತ್ತದೆ. ಇಂಥವರಿಗೆ ಆರೈಕೆ, ಚಿಕಿತ್ಸೆ ಕೊಡುವುದು ಸರಕಾರದ ಹೊಣೆ. ಶಿಕ್ಷೆ ವಿಧಿಸುತ್ತಿದ್ದ ಐಪಿಸಿಯ 309ನೇ ಕಲಮು 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಇಲ್ಲ.

ಕೇಳುವುದು ಹೇಗೆ?

- ಕಾಯಿಲೆಯ ಹೆಸರಿನಿಂದ ಶುರು ಮಾಡಬೇಡಿ. ನಿದ್ದೆ, ಊಟ, ಕೆಲಸದಿಂದ ಶುರು ಮಾಡಿ. ‘ಯವ್ವಾ, ರಾತ್ರಿ ನಿದ್ದಿ ಬರ್ತದಿಲ್ಲ?’ ‘ಅಣ್ಣಾ, ಈಗೀಗ ಯಾರ ಕೂಡಾನೂ ಮಾತಾಡವಲ್ಲಿ, ಮನಸ್ಸಿಗಿ ಏನರ ಹತ್ಯದೇನು?’ ಇಷ್ಟು ಸಾಕು.
- ಅವರ ಭಾಷೆಯಲ್ಲಿ ಕೇಳಿ. ತಾಂಡಾದ ಹಿರಿಯಳಿಗೆ ಲಂಬಾಣಿ ಬಲ್ಲವರು, ತೆಲುಗಿನ ಮನೆಯವರಿಗೆ ತೆಲುಗು ಬಲ್ಲವರು ಕೇಳಿದರೆ ಮಾತು ಬೇರೆಯೇ ಬರುತ್ತದೆ. ದವಾಖಾನೆಗೂ ಅಂಥವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಆದರೆ ಸೊಸೆಯ ಮಾತನ್ನು ಅತ್ತೆಯ ಮುಂದೆ, ಹೆಂಡತಿಯ ಮಾತನ್ನು ಗಂಡನ ಮುಂದೆ ಕೇಳಬೇಡಿ.
- ‘ಧೈರ್ಯ ತಗೋ’, ‘ನಿನಗೇನು ಕಡಿಮಿ ಆಗ್ಯದ?’ ಎಂದು ತಟ್ಟನೆ ಮಾತು ಮುಗಿಸಬೇಡಿ. ಅವರು ಮುಗಿಸುವ ತನಕ ಕೇಳಿ.
- ‘ಜೀವಾನ ಬ್ಯಾಡ ಅಂತ ಅನಸ್ತದೇನು?’ ಎಂದು ಕೇಳಲು ಹೆದರಬೇಡಿ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಬೆಳೆ ಔಷಧಿಯನ್ನು ಬೇರೆ ಕಡೆ ಬೀಗ ಹಾಕಿ ಇಡಿ, ಅವತ್ತೇ ದವಾಖಾನೆಗೆ ಕರೆದೊಯ್ಯಿರಿ.
- ಬಾಣಂತಿಯಲ್ಲಿ ಸನ್ನಿಯ ಲಕ್ಷಣ ಕಂಡರೆ ಕಾಯಬೇಡಿ. ಇದು ತುರ್ತು ಕಾಯಿಲೆ, ಚಿಕಿತ್ಸೆಯಿಂದ ವಾಸಿಯಾಗುತ್ತದೆ.

ಎಲ್ಲಿ ಹೋಗಬೇಕು? ಯಾರಿಗೆ ಕರೆ ಮಾಡಬೇಕು?

- ಟೆಲಿ ಮಾನಸ್: 14416. ಉಚಿತ, ದಿನದ 24 ತಾಸು. 2022ರ ಅಕ್ಟೋಬರ್ 10ರಂದು ಶುರುವಾದ ಸರಕಾರಿ ಸಹಾಯವಾಣಿ. ಕನ್ನಡವಲ್ಲದೆ ಬೇರೆ ಭಾಷೆಗಳಲ್ಲೂ ಮಾತಾಡಬಹುದು. ರೋಗಿಯೇ ಮಾತಾಡಬೇಕೆಂದಿಲ್ಲ, ಮನೆಯವರೂ ಕೇಳಬಹುದು. ಗುಳೆ ಹೋದವರು ಎಲ್ಲಿದ್ದರೂ ಇದೇ ನಂಬರು.
- ಹತ್ತಿರದ ಸರಕಾರಿ ದವಾಖಾನೆ. ರಾಜ್ಯ ಸರಕಾರದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮಲ್ಲಿ ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋದರೆ ಓಡಾಟ ತಪ್ಪುತ್ತದೆ.
- ಯಾದಗಿರಿ ಜಿಲ್ಲಾ ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬಗ್ಗೆ ಅಲ್ಲಿ ಕೇಳಿ.
- ತುರ್ತು ಇದ್ದರೆ 108 ಅಥವಾ 112.

ಫಾರ್ವರ್ಡ್ ಮಾಡುವ ಮುನ್ನ

‘ಆ ಸಮುದಾಯದವರು ಹೀಗೆ’ ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ ಅದನ್ನು ಅಲ್ಲೇ ನಿಲ್ಲಿಸಿ. ಅದೇ ಗುಂಪಿನಲ್ಲಿ ಆ ಸಮುದಾಯದವರು ಒಬ್ಬರು ಕಷ್ಟದಲ್ಲಿ ಇರಬಹುದು. ಅದನ್ನು ಓದಿ ಅವರು ಇನ್ನಷ್ಟು ಸುಮ್ಮನಾಗುತ್ತಾರೆ. ಅದರ ಬದಲು 14416 ನಂಬರನ್ನು ಕಳಿಸಿ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಗುಳೆ ಹೋದವರಲ್ಲಿ ಇತ್ತೀಚೆಗೆ ಮಾತು ಕಡಿಮೆ ಮಾಡಿದವರು ಯಾರಾದರೂ ನೆನಪಿಗೆ ಬಂದರೆ, ಅವರಿಗೆ ಮೆಸೇಜ್ ಹಾಕುವುದಕ್ಕಿಂತ ಫೋನ್ ಮಾಡಿ, ನಿದ್ದೆ ಬರುತ್ತದಾ ಎಂದು ಕೇಳಿ.